ಕಲೀಲ ವ ದಿಮ್ನ: ಒಂದು ಸಚಿತ್ರ ಗ್ರಂಥದ ಪಯಣ ಮತ್ತು ನಮ್ಮ ಮಕ್ಕಳು

ನಾನು ಮದ್ರಸದಲ್ಲಿ ಅಧ್ಯಾಪಕನಾಗಿ ಸೇರಿದ ಎರಡನೆಯ ವರ್ಷ ನಡೆದ ಒಂದು ಘಟನೆಯಿಂದ ಈ ಬರಹವನ್ನು ಆರಂಭಿಸಬೇಕಾಗಿದೆ. ಮೂರನೆಯ ತರಗತಿಯ ಒಬ್ಬಳು ಹುಡುಗಿ ಕಿತಾಬಿನ ಮರೆಯಲ್ಲಿ ಇನ್ನೊಂದು ಪುಸ್ತಕವನ್ನು ಇಟ್ಟುಕೊಂಡು ಓದುತ್ತಿದ್ದಳು. ಕಸಿದುಕೊಂಡು ನೋಡಿದೆ. ಶಾಲೆಯ ಗ್ರಂಥಾಲಯದಿಂದ ತಂದ ಪಂಚತಂತ್ರದ ಚಿತ್ರಪುಸ್ತಕ. ಪುಟದ ತುಂಬ ಪಾರಿವಾಳಗಳು, ಬಲೆ, ಒಂದು ಇಲಿ. ಜೀವಿಗಳ ಚಿತ್ರ ಮತ್ತು ಅನ್ಯರ ಕಥೆ ಎಂಬ ಎರಡು ಕಾರಣಗಳನ್ನು ಹೇಳಿ, ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ತರಗತಿ ಮುಗಿದು ಮಕ್ಕಳೆಲ್ಲ ಹೊರಟ ಮೇಲೆ ಆಕೆ ಬಾಗಿಲ ಬಳಿ ನಿಂತು ಕೇಳಿದಳು: "ಉಸ್ತಾದರೇ, ಆ ಇಲಿ ಬಲೆಯನ್ನು ಕಡಿಯಿತಾ?"

ನಾನು ಉತ್ತರಿಸಲಿಲ್ಲ. ಗದರಿಸಿ ಕಳುಹಿಸಿದೆ.

ಉತ್ತರ ನನಗೆ ಗೊತ್ತಿಲ್ಲದೆ ಇರಲಿಲ್ಲ ಎಂಬುದು ಇದರಲ್ಲಿರುವ ವಿಪರ್ಯಾಸ. ವಿದ್ಯಾರ್ಥಿಯಾಗಿದ್ದಾಗ ಅರಬಿ ಗದ್ಯಪಾಠದಲ್ಲಿ 'ಅಲ್ ಹಮಾಮತುಲ್ ಮುತವ್ವಖ' ಎಂಬ ಭಾಗವನ್ನು ನಾನು ಕಂಠಪಾಠ ಮಾಡಿದ್ದೆ. ಕೊರಳಲ್ಲಿ ಬಳೆಯಂತಹ ಗೆರೆಯುಳ್ಳ ಪಾರಿವಾಳ, ಅದರ ಪರಿವಾರ, ಬೇಟೆಗಾರನ ಬಲೆ, ಗೆಳೆಯನಾದ ಇಲಿ. ಅದನ್ನು ಓದಿಸಿದ ಗುರುಗಳು ವ್ಯಾಕರಣವನ್ನು ಬಿಡಿಸಿದರೇ ಹೊರತು ಕಥೆಯ ಊರನ್ನು ಹೇಳಿರಲಿಲ್ಲ. ಹುಡುಗಿಯ ಕೈಯಿಂದ ನಾನು ಕಿತ್ತುಕೊಂಡದ್ದು ನನ್ನದೇ ಅರಬಿ ಪಾಠವನ್ನು ಎಂದು ತಿಳಿದದ್ದು ಹಲವು ವರ್ಷಗಳ ನಂತರ, ಕನ್ನಡ ಬಿ.ಎ. ಓದುವಾಗ, ದುರ್ಗಸಿಂಹನ ಹೆಸರು ಪಠ್ಯದಲ್ಲಿ ಬಂದ ದಿನ. ಈ ಕಥೆಗಳು ನಮ್ಮ ನಾಡಿನಿಂದ ಅರಬಿಗೆ ಹೋದ ಚರಿತ್ರೆಯನ್ನು ಅಂದಿನಿಂದ ಹುಡುಕಿ ಓದುತ್ತಾ ಬಂದಿದ್ದೇನೆ. ಮಕ್ಕಳ ಕೈಗೆ ಚಿತ್ರಪುಸ್ತಕವನ್ನು ಕೊಡುವ ಮೊದಲು ಹಿಂಜರಿಯುವ ತಾಯಿ ತಂದೆಯರಿಗೆ ಈ ಚರಿತ್ರೆ ಉಪಯುಕ್ತವಾಗಬಹುದು.

ಆರನೆಯ ಶತಮಾನದಲ್ಲಿ ಪರ್ಶಿಯಾವನ್ನು ಸಾಸಾನಿ ವಂಶದ ದೊರೆ ಒಂದನೆಯ ಖುಸ್ರೋ ಆಳುತ್ತಿದ್ದ. ನೂಶಿರ್‌ವಾನ್ ಎಂಬ ಬಿರುದಿನಿಂದ ಪ್ರಸಿದ್ಧನಾದ ಈತನ ಆಳ್ವಿಕೆ 531ರಿಂದ 579ರವರೆಗೆ. ಈತನ ಆಸ್ಥಾನದ ವೈದ್ಯ ಬುರ್ಝೋಯ್ ಭಾರತಕ್ಕೆ ಬಂದು, ಇಲ್ಲಿನ ಪಂಡಿತರ ಸಹಾಯದಿಂದ ಪಂಚತಂತ್ರವನ್ನೂ ಇತರ ಕೆಲವು ಕಥೆಗಳನ್ನೂ ಅಂದಿನ ಪರ್ಶಿಯನ್ ಭಾಷೆಯಾದ ಪಹ್ಲವಿಗೆ ಅನುವಾದಿಸಿದ. ಫಿರ್ದೌಸಿಯ ಶಾಹ್‌ನಾಮಾದಲ್ಲಿ ಈ ಪ್ರಯಾಣಕ್ಕೆ ಒಂದು ಸೊಗಸಾದ ಕಾರಣ ಬರುತ್ತದೆ. ಸತ್ತವರನ್ನು ಬದುಕಿಸುವ ಮೂಲಿಕೆಯೊಂದು ಹಿಂದ್ ದೇಶದ ಬೆಟ್ಟಗಳಲ್ಲಿದೆ ಎಂದು ಕೇಳಿ ವೈದ್ಯನು ಬಂದನಂತೆ. ಎಷ್ಟು ಗಿಡಗಳನ್ನು ಅರೆದರೂ ಹೆಣ ಏಳಲಿಲ್ಲ. ಕೊನೆಗೆ ಒಬ್ಬ ವೃದ್ಧ ಜ್ಞಾನಿ ಆ ಮಾತಿನ ಒಳಾರ್ಥವನ್ನು ಬಿಡಿಸಿದ: ಬೆಟ್ಟವೆಂದರೆ ಜ್ಞಾನ, ಮೂಲಿಕೆಯೆಂದರೆ ಗ್ರಂಥ, ಸತ್ತವನೆಂದರೆ ಅಜ್ಞಾನಿ. ಇದು ಐತಿಹ್ಯವೇ ಇರಬಹುದು. ಆದರೆ ಅನುವಾದವು ನಡೆದದ್ದು ನಿಜ. ಪಹ್ಲವಿ ಪ್ರತಿ ಇಂದು ಉಳಿದಿಲ್ಲ. ಅದರಿಂದ ಅದೇ ಶತಮಾನದಲ್ಲಿ ಕ್ರೈಸ್ತರ ಸಿರಿಯಾಕ್ ಭಾಷೆಗೆ ಹೋದ ಅನುವಾದ ಉಳಿದಿದೆ.

ಪಹ್ಲವಿಯಿಂದ ಅರಬಿಗೆ ತಂದವನು ಇಬ್ನುಲ್ ಮುಖಫ್ಫಅ್. ಈತ ಪರ್ಶಿಯಾದ ಫಾರ್ಸ್ ಪ್ರಾಂತದವನು. ಹುಟ್ಟುಹೆಸರು ರೂಝ್‌ಬೆಹ್. ತಂದೆಯು ಉಮವೀ ಆಡಳಿತದಲ್ಲಿ ಕರವಸೂಲಿಯ ಅಧಿಕಾರಿಯಾಗಿದ್ದು, ಹಣದ ಆರೋಪದ ಮೇಲೆ ಚಿತ್ರಹಿಂಸೆಗೆ ಗುರಿಯಾಗಿ ಅವನ ಕೈ ಮುರುಟಿಹೋಯಿತು. 'ಮುಖಫ್ಫಅ್' ಎಂದರೆ ಕೈ ಮುರುಟಿದವನು. ಮಗನು ಜೀವನಪೂರ್ತಿ ತಂದೆಯ ಆ ಕೈಯನ್ನೇ ಹೆಸರಾಗಿ ಹೊತ್ತು ನಡೆದ. ಈತ ಇಸ್ಲಾಮ್ ಸ್ವೀಕರಿಸಿದ್ದು ಪ್ರಾಯಕ್ಕೆ ಬಂದ ಮೇಲೆ. ಅರಬಿ ಈತನ ಮಾತೃಭಾಷೆಯಲ್ಲ. ಆದರೂ ಅರಬಿ ಗದ್ಯಸಾಹಿತ್ಯದ ಆದಿಪುರುಷರಲ್ಲಿ ಒಬ್ಬನೆಂದು ಅರಬರೇ ಈತನನ್ನು ಕೊಂಡಾಡಿದ್ದಾರೆ. ಸುಮಾರು 750ರ ಹೊತ್ತಿಗೆ 'ಕಲೀಲ ವ ದಿಮ್ನ' ಸಿದ್ಧವಾಯಿತು. ಪಂಚತಂತ್ರದ ಎರಡು ನರಿಗಳಾದ ಕರಟಕ ಮತ್ತು ದಮನಕರೇ ಇಲ್ಲಿ ಕಲೀಲ ಮತ್ತು ದಿಮ್ನರಾಗಿದ್ದಾರೆ. ಸಂಜೀವಕನೆಂಬ ಎತ್ತು ಶನ್‌ಝಬ ಆಗಿದೆ. ಪಾರಿವಾಳಗಳ ಒಡೆಯ ಚಿತ್ರಗ್ರೀವನ ಹೆಸರು ಮಾತ್ರ ಉಚ್ಚಾರದಲ್ಲಿ ಸವೆಯದೆ, ಅರ್ಥವಾಗಿಯೇ ಬಂದಿದೆ. ಚಿತ್ರಗ್ರೀವ ಎಂದರೆ ಬಣ್ಣದ ಕೊರಳುಳ್ಳದ್ದು, ಮುತವ್ವಖ ಎಂದರೆ ಕೊರಳಿಗೆ ಬಳೆಯುಳ್ಳದ್ದು. ಸಂಸ್ಕೃತದಿಂದ ಪಹ್ಲವಿಗೆ, ಪಹ್ಲವಿಯಿಂದ ಅರಬಿಗೆ ಎರಡು ಗಡಿಗಳನ್ನು ದಾಟಿದರೂ ಆ ಹಕ್ಕಿಯ ಕೊರಳ ಗೆರೆ ಅಳಿಸಿಹೋಗಲಿಲ್ಲ.

ಈ ಗ್ರಂಥಕ್ಕೆ ಇಬ್ನುಲ್ ಮುಖಫ್ಫಅ್ ಬರೆದ ಮುನ್ನುಡಿಯು ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ಗ್ರಂಥಕ್ಕೆ ನಾಲ್ಕು ಉದ್ದೇಶಗಳಿವೆ ಎಂದು ಆತ ಹೇಳುತ್ತಾನೆ. ಮಾತಿಲ್ಲದ ಮೃಗಗಳ ಬಾಯಲ್ಲಿ ಕಥೆ ಹೇಳಿಸಿದ್ದು ಆಟದ ಮನಸ್ಸಿನ ಯುವಕರು ಓದಲೆಂದು. ಪ್ರಾಣಿಗಳ ರೂಪವನ್ನು ಬಗೆಬಗೆಯ ಬಣ್ಣಗಳಲ್ಲಿ ಚಿತ್ರಿಸಿ ತೋರಿಸುವುದು ಎರಡನೆಯ ಉದ್ದೇಶ. ಅರಸರೂ ಸಾಮಾನ್ಯರೂ ಇದನ್ನು ಬಯಸಿ, ಪ್ರತಿಗಳು ಹೆಚ್ಚಿ, ಕಾಲದಲ್ಲಿ ಗ್ರಂಥವು ಸವೆಯದೆ ಉಳಿಯಬೇಕೆಂಬುದು ಮೂರನೆಯದು. ನಾಲ್ಕನೆಯದು ತತ್ವಜ್ಞರಿಗೆ ಸಂಬಂಧಪಟ್ಟದ್ದು. ಅಂದರೆ ಹಿಜರಿ ಎರಡನೆಯ ಶತಮಾನದ ಬಸ್ರಾದಲ್ಲಿ ಕುಳಿತು ಒಬ್ಬ ಮುಸ್ಲಿಮ್ ಲೇಖಕನು ಚಿತ್ರಗಳು ಓದುಗನನ್ನು ಸೆಳೆಯುತ್ತವೆ, ಗ್ರಂಥದ ಆಯುಷ್ಯವನ್ನು ಹೆಚ್ಚಿಸುತ್ತವೆ ಎಂದು ಲೆಕ್ಕ ಹಾಕಿದ್ದ. ಬಾಲ್ಯದಲ್ಲಿ ಮೋಜಿಗಾಗಿ ಬಾಯಿಪಾಠ ಮಾಡಿದ ಕಥೆಯು, ತಾಯಿ ತಂದೆ ಕೂಡಿಟ್ಟ ನಿಧಿಯೊಂದು ದೊಡ್ಡವನಾದ ಮೇಲೆ ಕೈಗೆ ಸಿಗುವಂತೆ ಸಿಗುತ್ತದೆ ಎಂಬ ಅರ್ಥದ ಹೋಲಿಕೆಯನ್ನೂ ಆತ ಅಲ್ಲಿ ಕೊಡುತ್ತಾನೆ. ಕಂಠಪಾಠ ಮಾಡಿ ಅರ್ಥ ತಿಳಿಯದೆ ಉಳಿದ ನನ್ನಂತಹವರನ್ನು ಕಂಡೇ ಬರೆದಂತಿದೆ.

ಚಿತ್ರಗಳುಳ್ಳ ಪ್ರತಿಗಳಲ್ಲಿ ಇಂದು ಉಳಿದಿರುವ ಅತ್ಯಂತ ಹಳೆಯದು ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅದು ಹದಿಮೂರನೆಯ ಶತಮಾನದ ಆರಂಭದ್ದು, ಬಹುಶಃ ಸಿರಿಯಾದಲ್ಲಿ ಸಿದ್ಧವಾದುದು. ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿ 1354ರ ಒಂದು ಪ್ರತಿ ಇದೆ. ಇವುಗಳ ಚಿತ್ರಗಳನ್ನು ನಾನು ನೋಡಿದ್ದು ಮುದ್ರಿತ ಪುಟಗಳಲ್ಲಿ ಮತ್ತು ಪರದೆಯ ಮೇಲೆ ಮಾತ್ರ. ಹಿನ್ನೆಲೆಯ ಆಡಂಬರವಿಲ್ಲ. ಒಂದೆರಡು ಗಿಡ, ಅವುಗಳ ನಡುವೆ ಮುಖಾಮುಖಿಯಾಗಿ ನಿಂತ ಎರಡು ಪ್ರಾಣಿಗಳು. ಕಾಗೆಯು ಇಲಿಯ ಕಡೆಗೆ ಬಗ್ಗಿ ಮಾತನಾಡುತ್ತಿದೆ ಎಂಬುದು ಅಕ್ಷರ ಬಾರದ ಮಗುವಿಗೂ ತಿಳಿಯುವಂತಿದೆ.

ಈಗ ಆ ಪಾರಿವಾಳದ ಕಥೆಗೆ ಬರೋಣ. ಬಲೆಗೆ ಬಿದ್ದ ಹಕ್ಕಿಗಳು ಒಂದೊಂದೂ ತನ್ನನ್ನು ಬಿಡಿಸಿಕೊಳ್ಳಲು ಒದ್ದಾಡುತ್ತವೆ. ನಾಯಕಿಯ ಮಾತಿನಂತೆ ಎಲ್ಲವೂ ಒಮ್ಮೆಲೇ ರೆಕ್ಕೆ ಬಡಿದು ಬಲೆಯನ್ನೇ ಎತ್ತಿಕೊಂಡು ಹಾರುತ್ತವೆ. ಇಷ್ಟನ್ನು ನಮ್ಮ ಶಾಲಾ ಪಠ್ಯಗಳು 'ಒಗ್ಗಟ್ಟಿನಲ್ಲಿ ಬಲವಿದೆ' ಎಂಬ ತಲೆಬರಹದಡಿ ಮುಗಿಸುತ್ತವೆ. ಕಥೆಯ ಜೀವ ಇರುವುದು ಅದರ ಮುಂದೆ. ಇಲಿಯು ಬಂದು ನಾಯಕಿಯ ಗಂಟನ್ನು ಕಡಿಯತೊಡಗಿದಾಗ ಆಕೆ ತಡೆಯುತ್ತಾಳೆ: ಮೊದಲು ಉಳಿದವರದನ್ನು ಕಡಿ. ನಿನಗೆ ನಿನ್ನ ಪ್ರಾಣ ಬೇಡವೇ ಎಂದು ಇಲಿ ಕೇಳುತ್ತದೆ. ಆಕೆಯ ಉತ್ತರದಲ್ಲಿ ದಯೆಯ ಜೊತೆಗೆ ಲೋಕಾನುಭವವೂ ಇದೆ. ನನ್ನಿಂದ ಆರಂಭಿಸಿದರೆ ನೀನು ದಣಿದು ಉಳಿದವರನ್ನು ಬಿಟ್ಟುಬಿಡಬಹುದು, ನಾನೇ ಕೊನೆಯವಳಾದರೆ ಎಷ್ಟು ದಣಿದರೂ ಗೆಳತಿಯನ್ನು ಬಲೆಯಲ್ಲಿ ಬಿಡಲು ನಿನ್ನ ಮನಸ್ಸು ಒಪ್ಪದು ಎಂದು ಆಕೆ ತಿಳಿಸುತ್ತಾಳೆ.

ಇದನ್ನೆಲ್ಲ ಮರದಿಂದ ನೋಡುತ್ತಿದ್ದ ಕಾಗೆಗೆ ಇಲಿಯ ಸ್ನೇಹ ಬೇಕೆನಿಸುತ್ತದೆ. ಬಿಲದ ಬಾಯಲ್ಲಿ ನಿಂತು ಕರೆಯುತ್ತದೆ. ಇಲಿ ಹೊರಗೆ ಬರುವುದಿಲ್ಲ. ನೀನು ತಿನ್ನುವವನು, ನಾನು ತಿನಿಸು, ನಮ್ಮೊಳಗೆ ಸ್ನೇಹ ಎಲ್ಲಿಯದು ಎಂಬುದು ಅದರ ವಾದ. ಕಾಗೆ ಆಣೆ ಇಡುತ್ತದೆ, ಕಾಯುತ್ತದೆ, ಉಪವಾಸ ಕೂರುವ ಮಾತಾಡುತ್ತದೆ. ಇಲಿ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತದೆ. ನಿನ್ನನ್ನು ನಂಬಿದೆ, ಆದರೆ ನಿನ್ನ ಜಾತಿಯ ಉಳಿದ ಕಾಗೆಗಳಿಗೆ ನಿನ್ನ ಮನಸ್ಸು ಇಲ್ಲವಲ್ಲ ಎಂಬ ಸಂಶಯವನ್ನು ಅದು ಆಗಲೂ ಬಚ್ಚಿಡುವುದಿಲ್ಲ. ಬಳಿಕ ಆಮೆ ಸೇರುತ್ತದೆ, ಜಿಂಕೆ ಸೇರುತ್ತದೆ. ನಾಲ್ಕಕ್ಕೂ ಆಹಾರ ಬೇರೆ, ನಡಿಗೆ ಬೇರೆ, ಮನೆ ಬೇರೆ. ಅಂತಹ ನಿರ್ಮಲ ಮಿತ್ರರನ್ನು ಈ ಅಧ್ಯಾಯದ ಆರಂಭದಲ್ಲಿ ಕರೆಯುವ ಪದ 'ಇಖ್ವಾನುಸ್ಸಫಾ'. ಹತ್ತನೆಯ ಶತಮಾನದ ಬಸ್ರಾದಲ್ಲಿ ಅದೇ ಹೆಸರಿನ ಒಂದು ವಿದ್ವತ್ ಬಳಗ ಹುಟ್ಟಿತು. ಹೆಸರನ್ನು ಅವರು ಈ ಪಾರಿವಾಳದ ಅಧ್ಯಾಯದಿಂದಲೇ ಪಡೆದರೆಂದು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ.

ಈ ಬಳಗದ ಹಲವು ವಿಚಾರಗಳನ್ನು ಸುನ್ನೀ ವಿದ್ವಾಂಸರು ಒಪ್ಪಿಲ್ಲವೆಂಬುದು ಬೇರೆ ವಿಷಯ. ಆದರೆ ಅವರ ಪತ್ರಸಂಪುಟದ 22ನೆಯ ಪತ್ರವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಅದರಲ್ಲಿ ಪ್ರಾಣಿಗಳು ಮನುಷ್ಯನ ಮೇಲೆ ಜಿನ್ನ್‌ಗಳ ಅರಸನ ಮುಂದೆ ದೂರು ಕೊಡುತ್ತವೆ. ಬೆನ್ನ ಮೇಲಿನ ಹುಣ್ಣು, ಮೂಗಿನ ದಾರ, ತಾಯಿಯಿಂದ ಕಿತ್ತುಕೊಂಡ ಕರು ಎಲ್ಲವೂ ಸಾಕ್ಷ್ಯವಾಗಿ ಬರುತ್ತವೆ. ಬೇರೆ ಬೇರೆ ಜನಾಂಗಗಳ ಪ್ರತಿನಿಧಿಗಳು ಎದ್ದು ತಮ್ಮ ಹಿರಿಮೆಯನ್ನು ಹೇಳಿದಷ್ಟೂ ಪ್ರಾಣಿಗಳು ಅದನ್ನು ಮುರಿಯುತ್ತವೆ. ಕೊನೆಗೆ ನಿಲ್ಲುವ ವಾದ ಪರಲೋಕದ್ದು ಮಾತ್ರ. ಅಂತ್ಯದಲ್ಲಿ ಮಾತನಾಡಲು ನಿಲ್ಲುವ ಜ್ಞಾನಿಯಲ್ಲಿ ಪರ್ಶಿಯನ್, ಅರಬ್, ಯಹೂದಿ, ಕ್ರೈಸ್ತ, ಗ್ರೀಕ್, ಭಾರತೀಯ ಗುಣಗಳೆಲ್ಲವನ್ನೂ ಲೇಖಕರು ಕೂಡಿಸಿಟ್ಟಿದ್ದಾರೆ. ಭೂಮಿಯ ಮೇಲೆ ನಡೆಯುವ ಪ್ರಾಣಿಗಳೂ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳೆಂದು ಪವಿತ್ರ ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯದ 38ನೆಯ ವಚನವು ಸಾರುತ್ತದೆ. ಈ ಪತ್ರವನ್ನು ಓದುವಾಗ ಆ ವಚನ ಮತ್ತೆ ಮತ್ತೆ ನೆನಪಾಗುತ್ತದೆ.

ಕುರ್‌ಆನ್ ಓದುವ ಮಗುವಿಗೆ ಪ್ರಾಣಿಕಥೆ ಪರಕೀಯವಾಗಬೇಕಾಗಿಲ್ಲ. ಅದರ ಅಧ್ಯಾಯಗಳಿಗೆ ಹಸು, ಜೇನ್ನೊಣ, ಇರುವೆ, ಜೇಡ, ಆನೆಗಳ ಹೆಸರುಗಳಿವೆ. ಸೈನ್ಯದ ಕಾಲಡಿ ಸಿಲುಕದಂತೆ ತನ್ನವರನ್ನು ಎಚ್ಚರಿಸಿದ ಇರುವೆಯ ಮಾತು ಕೇಳಿ ಹಝ್ರತ್ ಸುಲೈಮಾನ್(ಅ) ಮುಗುಳ್ನಕ್ಕರು. ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತಂದು ಬಾಯಾರಿದ ನಾಯಿಗೆ ಕುಡಿಸಿದವನಿಗೆ ಕ್ಷಮೆ ದೊರೆತದ್ದನ್ನೂ, ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದವಳಿಗೆ ಶಿಕ್ಷೆಯಾದದ್ದನ್ನೂ ಪ್ರವಾದಿ(ಸ) ಕಥೆಯ ರೂಪದಲ್ಲಿಯೇ ಸಹಾಬಿಗಳಿಗೆ ತಿಳಿಸಿದರು. ನಾಯಿಗೆ ನೀರು ಕುಡಿಸಿದವನು ಯಾವ ಕುಲದವನು ಎಂದು ಯಾರೂ ಕೇಳಲಿಲ್ಲ. ಪ್ರಾಣಿಗಳಿಗೆ ಮಾಡಿದ್ದಕ್ಕೂ ಪ್ರತಿಫಲವಿದೆಯೇ ಎಂಬುದು ಅವರು ಕೇಳಿದ ಪ್ರಶ್ನೆ.

ಇನ್ನು ಚಿತ್ರಗಳ ವಿಷಯ. ಫತ್ವಾ ಕೊಡುವ ಅಧಿಕಾರ ನನ್ನದಲ್ಲ, ಆ ಕೆಲಸಕ್ಕೆ ಅರ್ಹರಿದ್ದಾರೆ. ಜೀವಿಗಳ ರೂಪರಚನೆಯ ಬಗ್ಗೆ ಹದೀಸ್‌ಗಳಲ್ಲಿ ಕಠಿಣ ಎಚ್ಚರಿಕೆಗಳಿವೆ. ಚಿತ್ರಕಾರನೊಬ್ಬನಿಗೆ ಮರಗಳನ್ನೂ ನಿರ್ಜೀವ ವಸ್ತುಗಳನ್ನೂ ಬರೆಯೆಂದು ಹ. ಇಬ್ನು ಅಬ್ಬಾಸ್(ರ) ಸೂಚಿಸಿದ ವರದಿ ಬುಖಾರಿಯಲ್ಲಿದೆ. ಹಾಗೆಯೇ ಹ. ಆಯಿಶಾ(ರ) ಬಾಲ್ಯದಲ್ಲಿ ಗೊಂಬೆಗಳೊಂದಿಗೆ ಆಡುತ್ತಿದ್ದುದೂ, ಗೆಳತಿಯರನ್ನು ಪ್ರವಾದಿ(ಸ) ತಾವೇ ಆಟಕ್ಕೆ ಕಳುಹಿಸುತ್ತಿದ್ದುದೂ ಬುಖಾರಿಯಲ್ಲಿಯೇ ಇದೆ. ಅಬೂ ದಾವೂದ್‌ನ ವರದಿಯಲ್ಲಿ ಆ ಗೊಂಬೆಗಳ ನಡುವೆ ಬಟ್ಟೆಯ ಚೂರಿನ ರೆಕ್ಕೆಗಳುಳ್ಳ ಒಂದು ಕುದುರೆ ಇತ್ತು. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿ(ಸ) ಕೇಳಿದಾಗ, ಸುಲೈಮಾನರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಆಕೆ ಮರುಪ್ರಶ್ನೆ ಹಾಕಿದರು. ಪ್ರವಾದಿ(ಸ) ದವಡೆಹಲ್ಲು ಕಾಣುವಂತೆ ನಕ್ಕರು. ಇದರ ಆಧಾರದಲ್ಲಿ ಮಕ್ಕಳ ಆಟಿಕೆಗೆ ವಿನಾಯಿತಿ ಇದೆಯೆಂದು ಅನೇಕ ವಿದ್ವಾಂಸರು ತೀರ್ಮಾನಿಸಿದ್ದಾರೆ. ಮಕ್ಕಳ ತರಬೇತಿಯನ್ನೇ ಅದಕ್ಕೆ ಕಾರಣವಾಗಿ ಹೇಳಿದವರೂ ಇದ್ದಾರೆ. ಶಿಲ್ಪ ಮತ್ತು ಚಪ್ಪಟೆ ಚಿತ್ರದ ನಡುವೆ ಭೇದ ಮಾಡಿದವರಿದ್ದಾರೆ, ಮಾಡದವರಿದ್ದಾರೆ. ಚಿತ್ರ ಬೇಡವೆನ್ನುವ ಮನೆಯವರ ನಿಲುವನ್ನು ನಾನು ಗೌರವಿಸುತ್ತೇನೆ, ಅವರ ಮಗುವಿಗೆ ಕಥೆಯನ್ನು ಬಾಯಲ್ಲಿ ಹೇಳುತ್ತೇನೆ. ಆದರೆ ಆ ಹೊತ್ತು ನಾನು ಪುಸ್ತಕ ಕಸಿದುಕೊಂಡದ್ದು ಇಷ್ಟೆಲ್ಲವನ್ನು ತೂಗಿ ನೋಡಿ ಅಲ್ಲ. ಅದು ಅನ್ಯರದೆಂಬ ಒಂದೇ ಭಾವ ಸಾಕಾಗಿತ್ತು, ಚಿತ್ರದ ಮಾತು ಬರಿಯ ನೆಪವಾಗಿತ್ತು.

ಜ್ಞಾನವು ಸತ್ಯವಿಶ್ವಾಸಿಯ ಕಳೆದುಹೋದ ಸೊತ್ತು ಎಂಬ ಅರ್ಥದ ಮಾತನ್ನು ಇಂತಹ ಸಂದರ್ಭದಲ್ಲಿ ಹದೀಸ್ ಎಂದು ಉದ್ಧರಿಸುವುದು ನಮ್ಮಲ್ಲಿ ರೂಢಿ. ಅದರ ಸನದು ದುರ್ಬಲವೆಂದು ಹದೀಸ್ ತಜ್ಞರು ಹೇಳಿದ್ದಾರೆ. ಆದುದರಿಂದ ನನ್ನ ವಾದವನ್ನು ಅದರ ಮೇಲೆ ನಿಲ್ಲಿಸುವುದಿಲ್ಲ. ಚರಿತ್ರೆಯೇ ಸಾಕಷ್ಟು ಹೇಳುತ್ತದೆ.

ಇಬ್ನುಲ್ ಮುಖಫ್ಫಅ್ ಕಥೆಗಳನ್ನು ತಂದ ರೀತಿಯೂ ಗಮನಾರ್ಹವಾದುದು. ಪಂಚತಂತ್ರದ ಮೊದಲ ಭಾಗದಲ್ಲಿ ದಮನಕನು ಸಿಂಹಕ್ಕೂ ಎತ್ತಿಗೂ ನಡುವೆ ಚಾಡಿ ಹೇಳಿ ಸ್ನೇಹ ಕೆಡಿಸುತ್ತಾನೆ. ನಿರಪರಾಧಿ ಎತ್ತು ಸಾಯುತ್ತದೆ, ಚಾಡಿಕೋರ ಮಂತ್ರಿಯಾಗಿ ಸುಖವಾಗಿರುತ್ತಾನೆ. ರಾಜನೀತಿಯ ಗ್ರಂಥಕ್ಕೆ ಅದು ಸಹಜವಾದ ಮುಕ್ತಾಯ. ಅರಬಿಯಲ್ಲಿ ಮಾತ್ರ ಅದರ ಬಳಿಕ ಮೂಲದಲ್ಲಿಲ್ಲದ ಒಂದು ಅಧ್ಯಾಯ ಬರುತ್ತದೆ: ದಿಮ್ನನ ವಿಚಾರಣೆ. ಇದನ್ನು ಸೇರಿಸಿದವನು ಇಬ್ನುಲ್ ಮುಖಫ್ಫಅ್ ಎಂಬುದೇ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಸಿಂಹದ ತಾಯಿ ನ್ಯಾಯಕ್ಕಾಗಿ ಹಟ ಹಿಡಿಯುತ್ತಾಳೆ, ದಿಮ್ನ ಮಾತಿನ ಚಾತುರ್ಯದಿಂದ ಪ್ರತಿಯೊಬ್ಬರ ಬಾಯಿ ಮುಚ್ಚಿಸುತ್ತಾನೆ. ಸಾಕ್ಷಿಯಿಲ್ಲದೆ ಶಿಕ್ಷೆಯಿಲ್ಲ. ಚಿರತೆಯೊಂದು ಮುಂದೆ ಬಂದು ತಾನು ಕೇಳಿದ್ದನ್ನು ಹೇಳುತ್ತದೆ, ಸೆರೆಯಲ್ಲಿದ್ದ ಇನ್ನೊಂದು ಮೃಗವೂ ಹೇಳುತ್ತದೆ. ಸಾಕ್ಷಿ ಎರಡಾದ ಮೇಲೆಯೇ ದಿಮ್ನನಿಗೆ ಮರಣದಂಡನೆ. ಎರಡು ಸಾಕ್ಷಿಗಳ ಈ ಲೆಕ್ಕ ಎಲ್ಲಿಯದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎತ್ತಿನ ಸಾವಿಗೆ ಉತ್ತರ ಕೊಡದೆ ಪುಟ ಮಡಚಲು ಆ ಅನುವಾದಕನಿಗೆ ಸಾಧ್ಯವಾಗಲಿಲ್ಲ. ಅವನಿಗೆ ಮಾತ್ರ ಅಂತಹ ವಿಚಾರಣೆ ದೊರೆಯಲಿಲ್ಲ. ಖಲೀಫ ಮನ್ಸೂರ್‌ನ ಕಾಲದಲ್ಲಿ, ಸುಮಾರು 757ರಲ್ಲಿ, ಬಸ್ರಾದ ಅಧಿಕಾರಿಯ ಕೈಯಲ್ಲಿ ಕ್ರೂರವಾಗಿ ಕೊಲ್ಲಲ್ಪಟ್ಟ. ಆಗ ಅವನಿಗೆ ನಲವತ್ತೂ ಆಗಿರಲಿಲ್ಲ.

ಅವನ ನಂತರ ಗ್ರಂಥದ ಓಟ ನಿಲ್ಲಲಿಲ್ಲ. ಗ್ರೀಕ್, ಹೀಬ್ರೂ, ಲ್ಯಾಟಿನ್, 1251ರಲ್ಲಿ ಸ್ಪ್ಯಾನಿಷ್, ಹದಿನೈದನೆಯ ಶತಮಾನದಲ್ಲಿ ಮರದಚ್ಚಿನ ಚಿತ್ರಗಳೊಂದಿಗೆ ಜರ್ಮನ್, 1570ರಲ್ಲಿ ಇಂಗ್ಲಿಷ್. ಪರ್ಶಿಯನ್ನಿನಲ್ಲಿ ಹೆರಾತ್‌ನ ಕಾಶಿಫೀ 'ಅನ್ವಾರೆ ಸುಹೈಲೀ' ಬರೆದ. ಅದರ ಸಚಿತ್ರ ಪ್ರತಿಯೊಂದು ಅಕ್ಬರನ ಕಾಲದಲ್ಲಿ 1570ರಲ್ಲಿ ಸಿದ್ಧವಾಯಿತು. 1588ರಲ್ಲಿ ಅಬುಲ್ ಫಝಲ್ ಅದನ್ನು ಸರಳಗೊಳಿಸಿ 'ಇಯಾರೆ ದಾನಿಶ್' ಮಾಡಿದ. ಹೀಗೆ ಸಾವಿರ ವರ್ಷ ಸುತ್ತಿದ ಪಾರಿವಾಳ ಹಿಂದ್ ದೇಶಕ್ಕೆ ಪರ್ಶಿಯನ್ ಮಾತನಾಡುತ್ತಾ ಹಿಂದಿರುಗಿತು.

ಈ ಪಯಣದಲ್ಲಿ ನನ್ನನ್ನು ಅತ್ಯಂತ ಹೆಚ್ಚು ಕಾಡಿದ ಕಾಲಘಟ್ಟ 1030ರ ಆಸುಪಾಸಿನದು. ಘಝ್ನಿಯಲ್ಲಿ ಅಲ್ ಬೀರೂನಿ ಭಾರತದ ಕುರಿತಾದ ತನ್ನ ಮಹಾಗ್ರಂಥವನ್ನು ಆಗ ಪೂರೈಸಿದ. ಮಹ್ಮೂದನ ದಂಡಯಾತ್ರೆಗಳು ಈ ನಾಡಿನ ಸಮೃದ್ಧಿಯನ್ನು ಹಾಳುಮಾಡಿ, ಜನರ ಮನಸ್ಸಿನಲ್ಲಿ ಮುಸ್ಲಿಮರ ಬಗ್ಗೆ ತೀವ್ರ ದ್ವೇಷವನ್ನು ಬಿತ್ತಿದವು ಎಂದು ಅದೇ ಆಸ್ಥಾನದ ಆಶ್ರಯದಲ್ಲಿದ್ದ ಆತ ನಿರ್ಭಯವಾಗಿ ದಾಖಲಿಸಿದ್ದಾನೆ. ಅದೇ ಗ್ರಂಥದಲ್ಲಿ ಒಂದು ಆಸೆಯೂ ಇದೆ: ಪಂಚತಂತ್ರವನ್ನು ಮೂಲದಿಂದಲೇ ತಾನು ಅನುವಾದಿಸುವಂತಿದ್ದರೆ! ಇಬ್ನುಲ್ ಮುಖಫ್ಫಅ್ ತನ್ನದನ್ನು ಅದರೊಳಗೆ ಸೇರಿಸಿದನೆಂಬ ಸಂಶಯ ಆತನಿಗಿತ್ತು. ಅನ್ಯರ ಮಾತನ್ನು ಅವರು ಹೇಳಿದಂತೆಯೇ ಕೇಳಬೇಕೆಂಬುದು ಬೀರೂನಿಯ ಹಟ. ಆತನಿಗೆ ಆ ಕೆಲಸ ಕೈಗೂಡಲಿಲ್ಲ. ಅದೇ ಹೊತ್ತಿಗೆ, ಸುಮಾರು 1031ರಲ್ಲಿ, ದಕ್ಷಿಣದಲ್ಲಿ ಕಲ್ಯಾಣದ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ, ವಸುಭಾಗಭಟ್ಟನ ಪಾಠವನ್ನು ಅನುಸರಿಸಿ ಪಂಚತಂತ್ರವನ್ನು ಕನ್ನಡ ಚಂಪುವಾಗಿ ಬರೆದ. ಸಂಧಿ ವಿಗ್ರಹಗಳನ್ನು ನೋಡಿಕೊಳ್ಳುವ ಮಂತ್ರಿಯೊಬ್ಬನಿಗೆ ಮೃಗಗಳ ಸ್ನೇಹವೈರಗಳ ಕಥೆ ಬೇಕೆನಿಸಿದ್ದು ಆಶ್ಚರ್ಯವಲ್ಲ. ಇಬ್ಬರಿಗೂ ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿದಿರಲಾರದು. ಕನ್ನಡ ಓದುವ ಮುಸ್ಲಿಮನಾಗಿ ನಾನು ಆ ಇಬ್ಬರ ಪುಸ್ತಕಗಳನ್ನೂ ನನ್ನ ಮನೆಯ ಒಂದೇ ಹಲಗೆಯ ಮೇಲೆ ಇಟ್ಟಿದ್ದೇನೆ.

ಈ ಕಥೆಗಳೆಲ್ಲ ದಯೆಯ ಕಥೆಗಳೆಂದು ನಾನು ಹೇಳಹೊರಟಿಲ್ಲ. ಮೂಲತಃ ಇದು ಅರಸುಮಕ್ಕಳಿಗೆ ಬರೆದ ಗ್ರಂಥ. ಗೂಬೆ ಕಾಗೆಗಳ ಯುದ್ಧದ ಅಧ್ಯಾಯವನ್ನೇ ನೋಡಿ. ಗಾಯಗೊಂಡ ನಿರಾಶ್ರಿತನ ವೇಷದಲ್ಲಿ ಬಂದ ಕಾಗೆಯನ್ನು ಗೂಬೆಗಳು ಕರುಣೆಯಿಂದ ಸಾಕುತ್ತವೆ. ಅದು ಗುಟ್ಟು ತಿಳಿದು ತನ್ನವರನ್ನು ಕರೆತಂದು ಗುಹೆಗೆ ಬೆಂಕಿ ಇಡಿಸುತ್ತದೆ. ಗುಹೆಯ ಬಾಯಲ್ಲಿ ಕಾಗೆಗಳು ಬೆಂಕಿ ಬೀಸುವ ದೃಶ್ಯ ಹಳೆಯ ಪ್ರತಿಗಳ ಚಿತ್ರಕಾರರಿಗೆ ಅಚ್ಚುಮೆಚ್ಚಿನದು. ಕಥೆಯು ಕಾಗೆಯ ಜಾಣತನವನ್ನು ಹೊಗಳುತ್ತದೆ. ಆಶ್ರಯ ಬೇಡಿದವನನ್ನು ನಂಬಬೇಡ ಎಂಬ ಪಾಠವನ್ನು ಇಂದಿನ ಕಾಲದಲ್ಲಿ ಮಗುವಿಗೆ ಕಲಿಸಬೇಕೇ? ಒಮ್ಮೆ ಈ ಚಿತ್ರವನ್ನು ತೋರಿಸಿದಾಗ ಒಬ್ಬ ಹುಡುಗ, ಒಳಗೆ ಗೂಬೆಯ ಮರಿಗಳೂ ಇದ್ದವಾ ಎಂದು ಕೇಳಿದ. ಗ್ರಂಥವು ಆ ಪ್ರಶ್ನೆಯನ್ನು ಎತ್ತುವುದಿಲ್ಲ. ಚಿತ್ರದಲ್ಲಿ ಗುಹೆಯ ಒಳಗಿನ ಕಪ್ಪನ್ನು ನೋಡಿದ ಮಗು ಎತ್ತಿತು. ಅಂದಿನಿಂದ ಆ ಅಧ್ಯಾಯವನ್ನು ಬಿಟ್ಟುಬಿಡುವ ಯೋಚನೆಯನ್ನು ಕೈಬಿಟ್ಟೆ.

ಚಿತ್ರಪುಸ್ತಕವು ದ್ವೇಷದ ನಡುವೆ ಏನು ಮಾಡಬಲ್ಲದು ಎಂಬುದಕ್ಕೆ ನಮಗೆ ಹತ್ತಿರದ ಕಾಲದ ನಿದರ್ಶನವೂ ಇದೆ. ಯೆಲ್ಲಾ ಲೆಪ್‌ಮನ್ ಜರ್ಮನಿಯ ಯಹೂದಿ ಮಹಿಳೆ. ಹಿಟ್ಲರನ ಆಳ್ವಿಕೆಯಲ್ಲಿ ಮಕ್ಕಳೊಂದಿಗೆ ದೇಶ ಬಿಟ್ಟು ಇಂಗ್ಲೆಂಡಿಗೆ ಹೋದವರು. 1945ರಲ್ಲಿ ಮಹಿಳೆ ಮತ್ತು ಮಕ್ಕಳ ವಿಷಯದಲ್ಲಿ ಅಮೆರಿಕನ್ ಸೇನಾಡಳಿತದ ಸಲಹೆಗಾರ್ತಿಯಾಗಿ ಅದೇ ದೇಶಕ್ಕೆ ಮರಳಿದರು. ತನ್ನನ್ನು ಓಡಿಸಿದವರ ಮಕ್ಕಳು ಹಾಳು ಬಿದ್ದ ನಗರಗಳಲ್ಲಿ ಅಲೆಯುತ್ತಿದ್ದರು. ಅನ್ನ, ಬಟ್ಟೆಯ ಜೊತೆಗೆ ಈ ಮಕ್ಕಳಿಗೆ ಪುಸ್ತಕ ಬೇಕೆಂದು ಅವರು ಇಪ್ಪತ್ತು ದೇಶಗಳಿಗೆ ಪತ್ರ ಬರೆದರು. ಪರಭಾಷೆ ಬಾರದ ಮಗುವಿಗೂ ಚಿತ್ರ ಅರ್ಥವಾಗುತ್ತದೆಂದು ಚಿತ್ರಪುಸ್ತಕಗಳನ್ನು ವಿಶೇಷವಾಗಿ ಬೇಡಿದರು. ಜರ್ಮನಿಯಿಂದ ಎರಡು ಸಲ ಆಕ್ರಮಣಕ್ಕೆ ಗುರಿಯಾದ ಬೆಲ್ಜಿಯಮ್ ಮೊದಲು ನಿರಾಕರಿಸಿತು. ಲೆಪ್‌ಮನ್ ಮತ್ತೆ ಬರೆದರು, ಪುಸ್ತಕಗಳು ಬಂದವು. 1946ರ ಜುಲೈಯಲ್ಲಿ ಮ್ಯೂನಿಕ್‌ನಲ್ಲಿ ಪ್ರದರ್ಶನ ತೆರೆಯಿತು. ಅದು ನಡೆದದ್ದು ನಾಝಿಗಳು ತಮ್ಮ ಕಲೆಯ ಮೆರೆತಕ್ಕೆಂದು ಕಟ್ಟಿಸಿದ್ದ ಭವನದಲ್ಲಿ! ನಿನ್ನೆಯವರೆಗೆ ಶತ್ರುಗಳೆಂದು ಕಲಿತಿದ್ದ ದೇಶಗಳ ಮಕ್ಕಳ ಮನೆ, ಊಟ, ಆಟಗಳನ್ನು ಜರ್ಮನ್ ಮಕ್ಕಳು ಪುಟ ತಿರುವಿ ನೋಡಿದರು. ಆ ಪುಸ್ತಕಗಳಿಂದಲೇ 1949ರಲ್ಲಿ ಅಂತಾರಾಷ್ಟ್ರೀಯ ಯುವ ಗ್ರಂಥಾಲಯ ಹುಟ್ಟಿತು. ಮಕ್ಕಾ ವಿಜಯದ ದಿನ ತಮ್ಮನ್ನು ಊರಿನಿಂದ ಹೊರಹಾಕಿದವರನ್ನು ಕ್ಷಮಿಸಿದ ಪ್ರವಾದಿವರ್ಯರ(ಸ) ಅನುಯಾಯಿಗಳಾದ ನಮಗೆ ಈ ಮಹಿಳೆಯ ಕೆಲಸದ ಬೆಲೆಯನ್ನು ಅರಿಯಲು ಕಷ್ಟವಾಗಬಾರದು.

ನಮ್ಮ ಊರುಗಳ ಪರಿಸ್ಥಿತಿ ಮ್ಯೂನಿಕ್‌ನದಲ್ಲ. ಆದರೂ ಒಂದೇ ಬೀದಿಯ ಮಕ್ಕಳು ಬೇರೆ ಬೇರೆ ಶಾಲೆಗೆ, ಬೇರೆ ಬೇರೆ ವಾಹನದಲ್ಲಿ ಹೋಗುವ ಕಾಲ ಬಂದಿದೆ. ನಾನು ಬಾಲಕನಾಗಿದ್ದಾಗ ನೆರೆಮನೆಯ ಅಜ್ಜಿಯ ಜಗಲಿಯಲ್ಲಿ ಕೇಳಿದ ಕಥೆಗಳು ಇಂದಿನ ಮಕ್ಕಳಿಗೆ ಪುಸ್ತಕದಲ್ಲಾದರೂ ಸಿಗಲಿ ಎಂಬುದು ನನ್ನ ಆಸೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಚಿತ್ರಕಥೆಗಳು ಉಚಿತವಾಗಿ, ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ದೊರೆಯುತ್ತವೆ. ಅಜ್ಜಿ ಉರ್ದುವಿನಲ್ಲಿ ಓದಿ, ಮೊಮ್ಮಗಳು ಕನ್ನಡದಲ್ಲಿ ಓದುವ ಮನೆಗಳಿಗೆ ಇದು ಅನುಕೂಲ. ಓದಿಸುವವರಿಗೆ ನನ್ನ ಅನುಭವದ ಒಂದು ಮಾತು: ಕಥೆ ಮುಗಿದೊಡನೆ ಇದರಿಂದ ಏನು ಕಲಿತೆ ಎಂದು ಕೇಳಬೇಡಿ. ಚಿತ್ರದ ಮೂಲೆಯಲ್ಲಿರುವ ಪ್ರಾಣಿಗೆ ಈಗ ಏನನಿಸುತ್ತಿರಬಹುದು ಎಂದು ಕೇಳಿ, ಸುಮ್ಮನಿರಿ.

ಕಳೆದ ವರ್ಷ ಮದ್ರಸದ ಹಳೆಯ ಕಪಾಟನ್ನು ಖಾಲಿ ಮಾಡುವಾಗ ಆ ಪುಸ್ತಕ ಸಿಕ್ಕಿತು. ಅಂಚುಗಳನ್ನು ಗೆದ್ದಲು ತಿಂದಿದೆ, ಶಾಲೆಯ ಮೊಹರು ಹಾಗೆಯೇ ಇದೆ. ಪುಸ್ತಕ ಮರಳಿಸದ ತಪ್ಪಿಗೆ ಆ ಹುಡುಗಿ ದಂಡ ಕಟ್ಟಿದ್ದಳೋ ಏನೋ, ನಾನು ಕೇಳಿಯೇ ಇರಲಿಲ್ಲ. ಆಕೆ ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ಆಕೆಯ ತಂದೆಯನ್ನು ಜುಮಾ ನಮಾಝಿನ ಬಳಿಕ ಕಂಡು ವಿಷಯ ತಿಳಿಸಿ, ಮಗಳಿಗೆ ನನ್ನ ಸಲಾಮ್ ಹೇಳಿ, ಇಲಿ ಬಲೆಯನ್ನು ಕಡಿಯಿತೆಂದೂ, ಪಾರಿವಾಳಗಳ ನಾಯಕಿಯದನ್ನು ಕೊನೆಗೆ ಕಡಿಯಿತೆಂದೂ ತಿಳಿಸಲು ಕೇಳಿಕೊಂಡೆ. ಅವರು ನಕ್ಕರು. ನಾನು ಹೇಳಿದ್ದು ತಮಾಷೆಯೆಂದು ಭಾವಿಸಿದರೋ ಏನೋ. ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರಿಗೆ ಅದೇ ಪುಸ್ತಕದ ಹೊಸ ಪ್ರತಿಯೊಂದನ್ನು ಕೊಟ್ಟುಬಂದೆ. ಹಳೆಯದನ್ನು ಅವರ ಅನುಮತಿಯಿಂದ ನಾನೇ ಇಟ್ಟುಕೊಂಡಿದ್ದೇನೆ.

ಈಗ ಪ್ರತಿ ಭಾನುವಾರ ಪಾಠದ ಕೊನೆಯ ಕಾಲು ಗಂಟೆ ಅದನ್ನು ತೆರೆಯುತ್ತೇವೆ. ಮೊದಲು ಅರಬಿಯಲ್ಲಿ ಎರಡು ಸಾಲು, ಬಳಿಕ ಕನ್ನಡದಲ್ಲಿ ಕಥೆ. ಈ ವಾರ ಕಾಗೆಯು ಬಿಲದ ಬಾಯಲ್ಲಿ ನಿಂತು ಇಲಿಯನ್ನು ಕರೆಯುವ ಪುಟಕ್ಕೆ ಬಂದಿದ್ದೇವೆ. ಇಲಿ ಹೊರಗೆ ಬರಬೇಕೇ ಬೇಡವೇ ಎಂದು ತರಗತಿಯಲ್ಲಿ ದೊಡ್ಡ ಚರ್ಚೆಯಾಯಿತು. ಬರಬಾರದು, ಕಾಗೆ ಕಾಗೆಯೇ ಎಂದು ಮುಂದಿನ ಸಾಲಿನ ಹುಡುಗರು. ಬಂದು ನೋಡಲಿ, ಆದರೆ ಬಿಲದ ಹತ್ತಿರವೇ ನಿಲ್ಲಲಿ ಎಂದು ಹುಡುಗಿಯರು. ಅಷ್ಟರಲ್ಲಿ ಗಂಟೆ ಬಾರಿಸಿತು. ಪುಟದ ನಡುವೆ ನವಿಲುಗರಿಯ ಬದಲು ಹಾಜರಿ ಪುಸ್ತಕದ ಹರಿದ ಚೀಟಿಯೊಂದನ್ನು ಇಟ್ಟು ಮುಚ್ಚಿದ್ದೇನೆ.